ಜೀವಿಗಳಿಂದ ಔಷಧ: ನಮ್ಮ ಪಟ್ಟಿಗಳು ಕೇಳದ ಮೂರು ಪ್ರಶ್ನೆಗಳು

ಮುಂಡರಗಿ ತಾಲ್ಲೂಕಿನ ಒಂದು ಪ್ರೌಢಶಾಲೆಯ ವಿಜ್ಞಾನ ವಸ್ತುಪ್ರದರ್ಶನಕ್ಕೆ ನಿರ್ಣಾಯಕನಾಗಿ ಹೋಗಿದ್ದೆ. ಕಿಟಕಿಯ ಪಕ್ಕದ ಮೇಜಿನ ಮೇಲೆ ‘ಜೀವಿಗಳಿಂದ ಔಷಧ’ ಎಂಬ ದೊಡ್ಡ ಚಾರ್ಟ್ ಇತ್ತು. ಅಂದವಾದ ಅಕ್ಷರ, ಬಣ್ಣದ ಚಿತ್ರಗಳು. ಜಿಗಣೆ – ರಕ್ತಶುದ್ಧಿಗೆ. ಹಲ್ಲಿ – ಸಕ್ಕರೆ ಕಾಯಿಲೆಗೆ. ಹಾವು – ರಕ್ತದೊತ್ತಡಕ್ಕೆ, ಹೃದಯಾಘಾತಕ್ಕೆ. ಬೂಷ್ಟು – ಸೋಂಕಿಗೆ. ಹೀಗೆ ಹದಿನೈದು ಸಾಲುಗಳು. ನಾನು ಗರಗಸ ಮಂಡಲ ಹಾವಿನ ಚಿತ್ರ ತೋರಿಸಿ, ‘ಇದರಿಂದ ಔಷಧ ಹೆಂಗ ಮಾಡ್ತಾರವ್ವಾ?’ ಎಂದು ಕೇಳಿದೆ. ಒಂಬತ್ತನೆಯ ತರಗತಿಯ ಹುಡುಗಿ ಹಿಂಜರಿಯಲಿಲ್ಲ. ‘ಅದರ ವಿಷಾನ ಸ್ವಲ್ಪ ಸ್ವಲ್ಪ ಕೊಡ್ತಾರ್ರೀ ಸರ’ ಎಂದಳು. ‘ಮತ್ತ ಅದು ನಿಮ್ಮ ಹೊಲದಾಗ ಯಾರಿಗಾರ ಕಡದ್ರ?’ ಎಂದೆ. ಅವಳು ಚಾರ್ಟನ್ನು ಮೇಲಿನಿಂದ ಕೆಳಗಿನವರೆಗೆ ಒಮ್ಮೆ ನೋಡಿದಳು. ‘ಅದು ಇದರಾಗ ಇಲ್ರೀ’ ಎಂದಳು.

ಆ ಉತ್ತರಕ್ಕೆ ನಾನು ಅಂಕ ಕಡಿಮೆ ಮಾಡಲಿಲ್ಲ. ತಪ್ಪು ಆ ಹುಡುಗಿಯದಲ್ಲ; ಅವಳು ಯಾವ ಬರಹಗಳಿಂದ ಆ ಸಾಲುಗಳನ್ನು ಇಳಿಸಿಕೊಂಡಳೋ ಅವುಗಳದು. ಪತ್ರಿಕೆಗಳ ಪುರವಣಿ, ರಸಪ್ರಶ್ನೆಯ ಪುಸ್ತಕ, ಶಾಲಾ ಉಪನ್ಯಾಸ – ಎಲ್ಲೆಡೆ ಇದೇ ಪಟ್ಟಿ ಸುತ್ತುತ್ತಿದೆ. ಎಡಕ್ಕೆ ಒಂದು ಜೀವಿ, ಬಲಕ್ಕೆ ಒಂದು ರೋಗ, ನಡುವೆ ಒಂದು ಅಡ್ಡಗೆರೆ. ನಾನು ಭೌತಶಾಸ್ತ್ರದ ಅಧ್ಯಾಪಕ, ವೈದ್ಯನಲ್ಲ. ಆದರೂ ವಿಜ್ಞಾನ ದಿನಾಚರಣೆಗಳಲ್ಲಿ ನಾನೂ ಇಂಥ ಪಟ್ಟಿಯನ್ನು ಓದಿ ಚಪ್ಪಾಳೆ ಗಿಟ್ಟಿಸಿದ್ದೇನೆ. ಆದ್ದರಿಂದ ಈ ವಿಮರ್ಶೆ ಮೊದಲು ನನಗೇ ಅನ್ವಯಿಸುತ್ತದೆ.

ಈ ಪಟ್ಟಿಗಳ ದೋಷ ಸುಳ್ಳು ಹೇಳುವುದಲ್ಲ. ಎಷ್ಟೋ ಸಾಲುಗಳ ಹಿಂದೆ ನಿಜವಾದ ಸಂಶೋಧನೆ ಇದೆ. ದೋಷವಿರುವುದು ಆ ಅಡ್ಡಗೆರೆಯಲ್ಲಿ. ಜೀವಿಯಿಂದ ಔಷಧದವರೆಗಿನ ದಾರಿಯಲ್ಲಿ ವಿಜ್ಞಾನಿ ಕೇಳುವ ಮೂರು ಪ್ರಶ್ನೆಗಳನ್ನು ಅದು ಅಳಿಸಿಹಾಕುತ್ತದೆ. ಯಾವ ಅಣು? ಎಷ್ಟು ಪ್ರಮಾಣ? ಎಲ್ಲಿಯ ಜೀವಿ? ಈ ಮೂರನ್ನು ಅಳಿಸಿದ ಮೇಲೆ ಉಳಿಯುವುದು ಬೆರಗು ಮಾತ್ರ. ಹಾವು ಕಡಿದವರಿಗೆ ಬೆರಗಿನಿಂದ ಪ್ರಯೋಜನವಿಲ್ಲ.

ಯಾವ ಅಣು?

ಗರಗಸ ಮಂಡಲವನ್ನೇ ತೆಗೆದುಕೊಳ್ಳೋಣ. ಕಪ್ಪತಗುಡ್ಡದ ಸುತ್ತಲಿನ ಮುಂಡರಗಿ, ಶಿರಹಟ್ಟಿ ಭಾಗದಂಥ ಒಣ, ಕಲ್ಲು-ಕುರುಚಲಿನ ನೆಲ ಈ ಹಾವಿಗೆ ಒಗ್ಗುತ್ತದೆ. ಅದು ಎರಡು ಅಡಿಗಿಂತ ಉದ್ದ ಬೆಳೆಯುವುದು ಅಪರೂಪ. ಕೆರಳಿದಾಗ ಮೈ ಸುತ್ತಿಕೊಂಡು ಪಕ್ಕದ ಹುರುಪೆಗಳನ್ನು ಒಂದಕ್ಕೊಂದು ಉಜ್ಜಿ ಗರಗಸದಂಥ ಸದ್ದು ಮಾಡುತ್ತದೆ. ಅದರ ವಿಷದಲ್ಲಿ ಹತ್ತಾರು ಪ್ರೋಟೀನುಗಳಿವೆ. ಅವುಗಳಲ್ಲಿ ಎಕಿಸ್ಟಾಟಿನ್ ಎಂಬುದು 49 ಅಮೈನೋ ಆಮ್ಲಗಳ ಪುಟ್ಟ ಸರಪಳಿ.

ರಕ್ತ ಹೆಪ್ಪುಗಟ್ಟುವಾಗ ಪ್ಲೇಟ್‌ಲೆಟ್ ಎಂಬ ಕಿರುಬಿಲ್ಲೆಗಳು ಫೈಬ್ರಿನೊಜೆನ್ ಎಂಬ ಪ್ರೋಟೀನಿನ ನೆರವಿನಿಂದ ಒಂದಕ್ಕೊಂದು ಹೆಣೆದುಕೊಳ್ಳುತ್ತವೆ. ಫೈಬ್ರಿನೊಜೆನ್ ಸಿಕ್ಕಿಕೊಳ್ಳಬೇಕಾದ ಕೊಂಡಿಯಲ್ಲಿ ಎಕಿಸ್ಟಾಟಿನ್ ಹೋಗಿ ಕುಳಿತುಬಿಡುತ್ತದೆ, ಬಿಲ್ಲೆಗಳು ಹೆಣೆದುಕೊಳ್ಳಲಾರವು. ಹಾಗೆ ಕೂರುವುದರಲ್ಲಿ ಮುಖ್ಯವಾದದ್ದು 49ರ ಪೈಕಿ ಸಾಲಾಗಿ ನಿಂತ ಮೂರು ಅಮೈನೋ ಆಮ್ಲಗಳು: ಆರ್ಜಿನೀನ್, ಗ್ಲೈಸೀನ್, ಆಸ್ಪಾರ್ಟಿಕ್ ಆಮ್ಲ. ಈ ಮೂರರ ಆಕಾರವನ್ನು ಅನುಕರಿಸುವ, ಪ್ರೋಟೀನೇ ಅಲ್ಲದ ಒಂದು ಸಣ್ಣ ಅಣುವನ್ನು ರಸಾಯನ ವಿಜ್ಞಾನಿಗಳು ಪ್ರಯೋಗಾಲಯದಲ್ಲಿ ಕಟ್ಟಿದರು. ಅದೇ ಟೈರೋಫೈಬಾನ್. 1998ರಲ್ಲಿ ಅಮೆರಿಕದಲ್ಲಿ ಅದಕ್ಕೆ ಒಪ್ಪಿಗೆ ಸಿಕ್ಕಿತು. ಹೃದಯದ ರಕ್ತನಾಳದಲ್ಲಿ ಹೆಪ್ಪು ಕಟ್ಟುತ್ತಿರುವ ರೋಗಿಗೆ ಅದನ್ನು ಆಸ್ಪತ್ರೆಯಲ್ಲಿ ರಕ್ತನಾಳದ ಮೂಲಕ ಕೊಡುತ್ತಾರೆ. ಅದರಲ್ಲಿ ವಿಷದ ಒಂದು ಹನಿಯೂ ಇಲ್ಲ. ಹಾವು ಕೊಟ್ಟದ್ದು ದ್ರವ್ಯವನ್ನಲ್ಲ, ಮಾದರಿಯನ್ನು.

ಕ್ಯಾಪ್ಟೊಪ್ರಿಲ್ ಎಂಬ ರಕ್ತದೊತ್ತಡದ ಮಾತ್ರೆಯ ಕಥೆಯೂ ಇಂಥದೇ. ಬ್ರೆಜಿಲ್‌ನ ಸೆರ್ಜಿಯೊ ಫೆರೇರಾ ಅವರು 1965ರಲ್ಲಿ ಅಲ್ಲಿಯ ಜರಾರಾಕಾ ಮಂಡಲದ ವಿಷದಲ್ಲಿ, ರಕ್ತದೊತ್ತಡ ಇಳಿಸುವ ಬ್ರಾಡಿಕೈನಿನ್‌ನ ಪ್ರಭಾವವನ್ನು ಹೆಚ್ಚಿಸುವ ಅಂಶವೊಂದನ್ನು ಕಂಡರು. ಅದರ ಜಾಡು ಹಿಡಿದು ಅಮೆರಿಕದ ಕುಶ್‌ಮನ್ ಮತ್ತು ಒಂಡೆಟ್ಟಿ ಒಂದು ಸಣ್ಣ ಅಣುವನ್ನು ರಚಿಸಿದರು. ಅದು 1981ರಲ್ಲಿ ಔಷಧವಾಗಿ ಬಂತು. ವಿಷವನ್ನು ‘ಸ್ವಲ್ಪ ಸ್ವಲ್ಪ’ ನುಂಗಿದ್ದರೆ ಈ ಗುಣ ಯಾರಿಗೂ ಸಿಗುತ್ತಿರಲಿಲ್ಲ.

‘ಹಲ್ಲಿ – ಸಕ್ಕರೆ ಕಾಯಿಲೆಗೆ’ ಎಂಬ ಸಾಲಿನಲ್ಲಿ ಇನ್ನೊಂದು ಬಗೆಯ ಎಡವಟ್ಟು ಇದೆ. ಅಮೆರಿಕದ ಮರುಭೂಮಿಯ ಗಿಲಾ ಎಂಬ ವಿಷದ ಹಲ್ಲಿಯ ಜೊಲ್ಲಿನಲ್ಲಿ ಸಿಕ್ಕ ಎಕ್ಸೆಂಡಿನ್ ಎಂಬ ಪೆಪ್ಟೈಡನ್ನು ಪ್ರಯೋಗಾಲಯದಲ್ಲಿ ಕಟ್ಟಿ, 2005ರಲ್ಲಿ ಎಕ್ಸೆನಟೈಡ್ ಎಂಬ ಔಷಧವನ್ನು ತಂದದ್ದು ನಿಜ. ಆದರೆ ಈಚೆಗೆ ತೂಕ ಇಳಿಸುವ ಚುಚ್ಚುಮದ್ದಾಗಿ ಹೆಸರಾದ ಸೆಮಾಗ್ಲುಟೈಡ್ ಕೂಡ ಹಲ್ಲಿಯ ಜೊಲ್ಲಿನಿಂದ ಬಂದದ್ದೆಂದು ಬರೆಯುವ ರೂಢಿ ಬೆಳೆದಿದೆ. ಅದರ ರಚನೆಗೆ ಆಧಾರ ಮನುಷ್ಯನ ಕರುಳೇ ಸ್ರವಿಸುವ ಹಾರ್ಮೋನು. ಎರಡೂ ಒಂದೇ ಗ್ರಾಹಕದ ಮೇಲೆ ಕೆಲಸ ಮಾಡುತ್ತವೆ ಎಂಬಷ್ಟಕ್ಕೆ ಇವೆರಡರ ತಾಯಿಬೇರು ಒಂದೇ ಆಗುವುದಿಲ್ಲ.

ಹಾಗಾದರೆ ಜೀವಿಯೇ ಔಷಧವಾಗುವುದಿಲ್ಲವೇ? ಆಗುತ್ತದೆ, ಜಿಗಣೆಯೇ ಉದಾಹರಣೆ. ಸುಶ್ರುತ ಸಂಹಿತೆಯಲ್ಲಿ ಜಿಗಣೆಗೆಂದೇ ಒಂದು ಅಧ್ಯಾಯವಿದೆ. ಅಲ್ಲಿ ಆರು ಸವಿಷ, ಆರು ನಿರ್ವಿಷ ಜಾತಿಗಳ ವಿಂಗಡಣೆಯೂ ಇದೆ. ಆಧುನಿಕ ಶಸ್ತ್ರಚಿಕಿತ್ಸೆಯಲ್ಲಿ ಜಿಗಣೆಯ ಕೆಲಸ ‘ರಕ್ತಶುದ್ಧಿ’ ಅಲ್ಲ. ತುಂಡಾದ ಬೆರಳನ್ನು ಮರುಜೋಡಿಸಿದಾಗ ಧಮನಿಯಿಂದ ರಕ್ತ ಒಳಗೆ ಬರುತ್ತದೆ, ಆದರೆ ಸೂಕ್ಷ್ಮವಾದ ಅಭಿಧಮನಿಗಳಿಂದ ಹೊರಗೆ ಹೋಗಲಾರದೆ ನಿಲ್ಲುತ್ತದೆ. ಹೊಸ ನಾಳಗಳು ಬೆಳೆಯುವ ಕೆಲವು ದಿನ ಆ ರಕ್ತವನ್ನು ಹೀರಿ ಬೆರಳನ್ನು ಉಳಿಸುವುದು ಜಿಗಣೆಯ ಕೆಲಸ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2004ರಲ್ಲಿ ಇದಕ್ಕೆ ಅನುಮತಿ ಕೊಟ್ಟಿತು. ಜಿಗಣೆಯ ಕರುಳಿನಲ್ಲಿ ಏರೋಮೊನಾಸ್ ಎಂಬ ಬ್ಯಾಕ್ಟೀರಿಯ ಇರುವುದರಿಂದ ರೋಗಿಗೆ ಪ್ರತಿಜೈವಿಕವನ್ನೂ ಕೊಡುತ್ತಾರೆ. ಇದನ್ನು ಪಟ್ಟಿ ಹೇಳಿದ್ದನ್ನು ನಾನು ಕಂಡಿಲ್ಲ.

ಭೌತಶಾಸ್ತ್ರದವನಾದ ನನಗೆ ಎಲ್ಲಕ್ಕಿಂತ ಹಿಡಿಸಿದ ಬಳಕೆ ಮಾತ್ರ ಯಾವ ಪಟ್ಟಿಯಲ್ಲೂ ಇಲ್ಲ. ಜೀವಿಯ ವಿಷ ಅಳತೆಯ ಸಾಧನವಾಗುವುದು. ಕೊಳಕುಮಂಡಲದ ವಿಷ ರಕ್ತ ಹೆಪ್ಪುಗಟ್ಟುವ ಸರಪಳಿಯ ಹತ್ತನೆಯ ಅಂಶವನ್ನು ನೇರವಾಗಿ ಚುರುಕುಗೊಳಿಸುತ್ತದೆ. 1934ರಲ್ಲಿ ಲಂಡನ್ನಿನ ಮ್ಯಾಕ್‌ಫಾರ್ಲೇನ್ ಮತ್ತು ಬಾರ್ನೆಟ್ ಹಿಮೋಫಿಲಿಯ ರೋಗಿಗಳ ಗಾಯದ ರಕ್ತ ನಿಲ್ಲಿಸಲು ಅದನ್ನು ಬಳಸಿ ನೋಡಿದ್ದರು. ಇಂದು ಅದೇ ವಿಷವನ್ನು ತೀರ ತೆಳುವಾಗಿಸಿ, ರಕ್ತ ಅಕಾಲದಲ್ಲಿ ಹೆಪ್ಪುಗಟ್ಟುವ ಒಂದು ಬಗೆಯ ದೋಷವನ್ನು ಪತ್ತೆಹಚ್ಚುವ ಪರೀಕ್ಷೆಗೆ ಬಳಸುತ್ತಾರೆ. ಗರಗಸ ಮಂಡಲದ ಎಕಾರಿನ್ ಎಂಬ ಕಿಣ್ವ ಇನ್ನೊಂದು ಪರೀಕ್ಷೆಗೆ ಆಧಾರ. ಜಿಗಣೆಯ ಜೊಲ್ಲಿನ ಹಿರುಡಿನ್ ಮತ್ತು ಅದೇ ಗುಂಪಿನ ಔಷಧಗಳು ರೋಗಿಯ ರಕ್ತದಲ್ಲಿ ಎಷ್ಟರ ಮಟ್ಟಿಗೆ ಕೆಲಸ ಮಾಡುತ್ತಿವೆ ಎಂಬುದನ್ನು ಅದರಿಂದ ಅಳೆಯಬಹುದು. ಜಿಗಣೆಯ ಗುಣವನ್ನು ಹಾವು ಅಳೆಯುತ್ತದೆ!

ಎಷ್ಟು?

ಎರಡನೆಯ ಪ್ರಶ್ನೆ ಪ್ರಮಾಣದ್ದು. ಇದಕ್ಕೆ ನಮ್ಮ ಜಿಲ್ಲೆಗೆ ಅತ್ಯಂತ ಹತ್ತಿರವಾದ ಉದಾಹರಣೆ ಪ್ರತಿವಿಷ. ಆ ಚಾರ್ಟಿನಲ್ಲಿ ಅದೇ ಇರಲಿಲ್ಲ. ಎರಡೆರಡು ಪ್ರಾಣಿಗಳ ನೆರವಿನಿಂದ ತಯಾರಾಗುವ ಈ ಔಷಧ ಜೀವಿಗಳಿಂದ ದೊರೆಯುವ ಔಷಧಗಳ ಸಾಲಿನಲ್ಲಿ ಮೊದಲು ನಿಲ್ಲಬೇಕಾದದ್ದು.

ತತ್ತ್ವ ಹಳೆಯದು. 1894ರಲ್ಲಿ ಫ್ರಾನ್ಸಿನ ಕಾಲ್ಮೆಟ್, ಫಿಸಾಲಿಕ್ಸ್ ಮತ್ತು ಬರ್ಟ್ರಾಂಡ್ ಇದನ್ನು ತೋರಿಸಿಕೊಟ್ಟರು. ಹಾವಿನ ವಿಷವನ್ನು ಕುದುರೆಗೆ ಬಹಳ ಸಣ್ಣ ಪ್ರಮಾಣದಿಂದ ಆರಂಭಿಸಿ ಕ್ರಮೇಣ ಏರಿಸುತ್ತ ಚುಚ್ಚುತ್ತಾರೆ. ಅದರ ರಕ್ತದಲ್ಲಿ ವಿಷವನ್ನು ಹಿಡಿಯುವ ಪ್ರತಿಕಾಯಗಳು ಬೆಳೆಯುತ್ತವೆ. ರಕ್ತ ತೆಗೆದು, ಪ್ರತಿಕಾಯಗಳನ್ನು ಬೇರ್ಪಡಿಸಿ, ಪೆಪ್ಸಿನ್ ಕಿಣ್ವದಿಂದ ಕತ್ತರಿಸಿ, ಶುದ್ಧಮಾಡಿ ಸೀಸೆಗೆ ತುಂಬುತ್ತಾರೆ. ಭಾರತದಲ್ಲಿ ಸಿಗುವ ಪ್ರತಿವಿಷ ನಾಲ್ಕು ಹಾವುಗಳಿಗೆ ಸೇರಿ ಒಂದೇ: ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ.

ಈಗ ಲೆಕ್ಕ ನೋಡಿ. ಭಾರತದ ಔಷಧಕೋಶದ ಮಾನದಂಡದಂತೆ 1 ಮಿ.ಲೀ. ಪ್ರತಿವಿಷ ನಾಗರಹಾವಿನ ಅಥವಾ ಕೊಳಕುಮಂಡಲದ 0.6 ಮಿ.ಗ್ರಾಂ ವಿಷವನ್ನು, ಕಟ್ಟುಹಾವಿನ ಅಥವಾ ಗರಗಸ ಮಂಡಲದ 0.45 ಮಿ.ಗ್ರಾಂ ವಿಷವನ್ನು ತಟಸ್ಥಗೊಳಿಸಬೇಕು. ಒಂದು ಸೀಸೆಯಲ್ಲಿ 10 ಮಿ.ಲೀ. ಎಂದರೆ ಕೊಳಕುಮಂಡಲದ 6 ಮಿ.ಗ್ರಾಂ ವಿಷಕ್ಕೆ ಒಂದು ಸೀಸೆ. ಆ ಹಾವು ಒಂದು ಕಡಿತದಲ್ಲಿ ಬಿಡುವ ವಿಷ ಸರಾಸರಿ 63 ಮಿ.ಗ್ರಾಂ ಎಂದು ಅಂದಾಜಿದೆ. 63ನ್ನು 6ರಿಂದ ಭಾಗಿಸಿದರೆ ಹತ್ತೂವರೆ ಸೀಸೆ. ಚಿಕಿತ್ಸಾ ಮಾರ್ಗಸೂಚಿಗಳು ಮೊದಲ ಹಂತದಲ್ಲಿ 8ರಿಂದ 10 ಸೀಸೆ ಎನ್ನುವುದರ ಹಿಂದಿರುವುದು ಈ ಸರಳ ಭಾಗಾಕಾರ. ಮಗುವಿಗೆ ಅರ್ಧ ಪ್ರಮಾಣ ಸಾಲದೇ ಎಂದು ಕೇಳುವವರಿದ್ದಾರೆ. ಸಾಲದು. ಔಷಧ ತಟಸ್ಥಗೊಳಿಸಬೇಕಾದದ್ದು ವಿಷವನ್ನು. ಮಗು ಚಿಕ್ಕದೆಂದು ಹಾವು ವಿಷವನ್ನು ಕಡಿಮೆ ಬಿಡುವುದಿಲ್ಲ.

ಈ ಲೆಕ್ಕದಲ್ಲೂ ವಿಮರ್ಶೆಗೆ ಎಡೆಯಿದೆ. ಪ್ರಯೋಗಾಲಯದಲ್ಲಿ ವಿಷವನ್ನೂ ಪ್ರತಿವಿಷವನ್ನೂ ಮೊದಲೇ ಬೆರೆಸಿಟ್ಟು, ಆಮೇಲೆ ಇಲಿಗೆ ಚುಚ್ಚಿ ಸಾಮರ್ಥ್ಯ ಅಳೆಯುತ್ತಾರೆ. ರೋಗಿಯ ದೇಹದಲ್ಲಿ ಇಬ್ಬರಿಗೂ ಓಟದ ಪಂದ್ಯ, ಅದರಲ್ಲಿ ವಿಷ ಒಂದೋ ಎರಡೋ ಗಂಟೆ ಮುಂದೆ ಹೊರಟಿರುತ್ತದೆ. ಮುಂಡರಗಿಯಿಂದ ಗದಗಕ್ಕೆ ಸುಮಾರು 40 ಕಿ.ಮೀ. ಹಳ್ಳಿಯ ಹೊಲದಿಂದ ಮುಂಡರಗಿಗೆ ಬರುವ ಹೊತ್ತು ಬೇರೆ. ಜೊತೆಗೆ ಸೀಸೆಯಲ್ಲಿರುವುದು ಕುದುರೆಯ ಪ್ರೋಟೀನು; ಅದರಲ್ಲಿ ಒಂದು ಪಾಲು ಮಾತ್ರ ವಿಷವನ್ನು ಹಿಡಿಯುತ್ತದೆ. ಉಳಿದದ್ದು ಕೆಲವರಲ್ಲಿ ತೀವ್ರ ಅಲರ್ಜಿ ಉಂಟುಮಾಡಬಹುದು. ಅದಕ್ಕೇ ಅಡ್ರಿನಲಿನ್ ಕೈಯಳತೆಯಲ್ಲಿ ಇಟ್ಟುಕೊಂಡೇ ಪ್ರತಿವಿಷ ಕೊಡುತ್ತಾರೆ. ಮನೆಯಲ್ಲಿ, ಬಸ್ಸಿನಲ್ಲಿ ಕೊಡುವ ಔಷಧ ಇದಲ್ಲ.

ಎಲ್ಲಿಯದು?

ಮೂರನೆಯ ಪ್ರಶ್ನೆ ಊರಿನದು. ನಮ್ಮ ದೇಶದ ಪ್ರತಿವಿಷಕ್ಕೆ ಬೇಕಾದ ವಿಷದ ಬಹುಪಾಲು ಬಂದಿರುವುದು ಚೆನ್ನೈ ಬಳಿಯ ವಡನೆಮ್ಮೇಲಿಯ ಇರುಳ ಹಾವಾಡಿಗರ ಸಹಕಾರ ಸಂಘದಿಂದ. ಇದು 1978ರಲ್ಲಿ ಆರಂಭವಾಯಿತು. ಹಾವಿನ ಚರ್ಮದ ವ್ಯಾಪಾರ ನಿಂತು ಬದುಕು ಕಳೆದುಕೊಂಡಿದ್ದ ಇರುಳರು ಹಾವು ಹಿಡಿದು, ವಿಷ ತೆಗೆದು, ಮತ್ತೆ ಕಾಡಿಗೆ ಬಿಡುವ ಈ ಕೆಲಸದಿಂದ ಅಸಂಖ್ಯ ಜೀವ ಉಳಿಸಿದ್ದಾರೆ. ಆ ಸಮುದಾಯದ ವಡಿವೇಲ್ ಗೋಪಾಲ್ ಮತ್ತು ಮಾಸಿ ಸಡೈಯನ್ ಅವರಿಗೆ 2023ರಲ್ಲಿ ಪದ್ಮಶ್ರೀ ದೊರೆಯಿತು. ಜೀವಿಗಳ ಪಟ್ಟಿಯಲ್ಲಿ ಈ ಮನುಷ್ಯರ ಹೆಸರೂ ಇರುವುದಿಲ್ಲ.

ಆದರೆ ಒಂದೇ ಸೀಮೆಯ ಹಾವಿನ ವಿಷದಿಂದ ಇಡೀ ದೇಶಕ್ಕೆ ಔಷಧ ಮಾಡಬಹುದೇ? ಒಂದೇ ಜಾತಿಯ ಹಾವಿನ ವಿಷವೂ ಪ್ರದೇಶದಿಂದ ಪ್ರದೇಶಕ್ಕೆ ಬದಲಾಗುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕಾರ್ತಿಕ್ ಸುಣಗಾರ್ ಮತ್ತು ಸಂಗಡಿಗರು 2019ರಿಂದ ಪ್ರಕಟಿಸಿದ ಅಧ್ಯಯನಗಳು ಇದನ್ನು ಅಳೆದು ತೋರಿಸಿವೆ. ನಾಲ್ಕರ ಪಟ್ಟಿಗೆ ಸೇರದ ವಿಷದ ಹಾವುಗಳ ಮೇಲೆ ಮಾರುಕಟ್ಟೆಯ ಪ್ರತಿವಿಷ ಹಲವು ಬಾರಿ ಸೋಲುತ್ತದೆ; ಬೇರೆ ಬೇರೆ ಪ್ರದೇಶಗಳ ನಾಗರಹಾವುಗಳ ವಿಷದ ಮೇಲೂ ಅದರ ಪ್ರಭಾವ ಒಂದೇ ತೆರನಾಗಿಲ್ಲ. ಅಂದರೆ ಸೀಸೆಯ ಮೇಲೆ ಬರೆದ 0.6 ಮಿ.ಗ್ರಾಂ ಎಂಬ ಅಂಕಿ ಗೊತ್ತಾದ ಒಂದು ವಿಷಕ್ಕೆ ಮಾತ್ರ ನಿಜ. ಬೇರೆ ನೆಲದ ಹಾವಿಗೆ ಅದನ್ನು ಮತ್ತೆ ಅಳೆಯಬೇಕು. ಅಳತೆಗೋಲನ್ನು ಪ್ರಮಾಣೀಕರಿಸಿದ ಸ್ಥಿತಿ ಬದಲಾದರೆ ಅಳತೆಯೂ ಬದಲಾಗುತ್ತದೆಂದು ನಾವು ಪ್ರಥಮ ವರ್ಷದ ಪ್ರಯೋಗಾಲಯದಲ್ಲೇ ಕಲಿಸುತ್ತೇವೆ.

ಇದನ್ನು ಓದಿ ‘ಹಾಗಾದರೆ ಪ್ರತಿವಿಷ ಪ್ರಯೋಜನವಿಲ್ಲ’ ಎಂದು ಯಾರೂ ತಿಳಿಯಬಾರದು. ಇಂದು ಹಾವಿನ ವಿಷಕ್ಕೆ ಪರೀಕ್ಷೆಯಲ್ಲಿ ಗೆದ್ದು ಆಸ್ಪತ್ರೆಗೆ ಬಂದ ನಿರ್ದಿಷ್ಟ ಔಷಧ ಅದೊಂದೇ. ಅದರ ಕೊರತೆ ಹೇಳುವುದು ಅದನ್ನು ಉತ್ತಮಪಡಿಸಲು. ಸ್ಥಳೀಯ ವಿಷಗಳನ್ನು ಸೇರಿಸಿದ ಪ್ರತಿವಿಷ ಒಂದು ದಾರಿ. ಕುದುರೆಯೇ ಬೇಡದ ಪ್ರತಿಕಾಯ ಇನ್ನೊಂದು ದಾರಿ. ನಾಗರ, ಕಟ್ಟುಹಾವುಗಳ ಗುಂಪಿನ ಹಲವು ಹಾವುಗಳ ನರವಿಷವನ್ನು ತಡೆಯುವ ಅಂಥ ಒಂದು ಪ್ರತಿಕಾಯವನ್ನು ಅದೇ ಸಂಸ್ಥೆಯವರೂ ಅಮೆರಿಕದ ಸ್ಕ್ರಿಪ್ಸ್ ಸಂಸ್ಥೆಯವರೂ ಸೇರಿ 2024ರಲ್ಲಿ ವರದಿ ಮಾಡಿದರು. ಇಲಿಗಳಲ್ಲಿ ಅದು ಫಲ ಕೊಟ್ಟಿದೆ. ಮನುಷ್ಯರ ಔಷಧವಾಗಲು ದಾರಿ ಇನ್ನೂ ಇದೆ.

ಪಟ್ಟಿ ಬಿಟ್ಟ ಸಾಲು

ನಾನು ಬೆಳೆದದ್ದು ಲಕ್ಷ್ಮೇಶ್ವರದ ಹತ್ತಿರದ ಹಳ್ಳಿಯಲ್ಲಿ. ಶೇಂಗಾ ಕೀಳುವ ಕಾಲದಲ್ಲಿ ನಮ್ಮ ಹೊಲಕ್ಕೆ ಬರುತ್ತಿದ್ದ ಹೆಣ್ಣುಮಗಳೊಬ್ಬಳಿಗೆ ಮಂಡಲ ಕಡಿಯಿತು. ಗುಡ್ಡದ ಬೇರು ಬಲ್ಲವರು ಬಂದರು, ಅರೆದು ಹಚ್ಚಿದರು, ಕಾಲಿಗೆ ಹಗ್ಗ ಬಿಗಿದರು. ಸಂಜೆಯ ಹೊತ್ತಿಗೆ ಅವಳ ವಸಡಿನಿಂದ ರಕ್ತ ಬರುತ್ತಿತ್ತು. ಚಕ್ಕಡಿ ಕಟ್ಟಿ ಪಟ್ಟಣ ಮುಟ್ಟಿಸುವಷ್ಟರಲ್ಲಿ ತಡವಾಗಿತ್ತು. ಬೇರು ಕೊಟ್ಟವರು ಕೆಟ್ಟವರಲ್ಲ; ದುಡ್ಡು ಮುಟ್ಟುತ್ತಿರಲಿಲ್ಲ. ಅವರ ಕೈಯಲ್ಲಿ ಉಳಿದವರೂ ಅನೇಕರಿದ್ದರು. ಅದಕ್ಕೆ ಕಾರಣವಿದೆ. ಕಡಿಯುವ ಹಾವುಗಳಲ್ಲಿ ಹೆಚ್ಚಿನವು ವಿಷರಹಿತ. ವಿಷದ ಹಾವೂ ಪ್ರತಿ ಸಲ ವಿಷ ಬಿಡುವುದಿಲ್ಲ. ಹೀಗೆ ತಾವೇ ಉಳಿದವರ ಲೆಕ್ಕ ಬೇರಿನ ಹೆಸರಿಗೆ ಸೇರುತ್ತದೆ. ಸತ್ತವರ ಲೆಕ್ಕ ಹಣೆಬರಹಕ್ಕೆ ಸೇರುತ್ತದೆ.

ಈ ಕಾರಣಕ್ಕೇ ನಮ್ಮ ಪಟ್ಟಿಗಳ ಬಗ್ಗೆ ನನಗೆ ಕಳವಳ. ‘ಹಾವಿನ ವಿಷವೇ ಔಷಧ’, ‘ಪ್ರಕೃತಿಯಲ್ಲೇ ಎಲ್ಲಕ್ಕೂ ಮದ್ದಿದೆ’ ಎಂಬ ಅಳತೆಯಿಲ್ಲದ ಮಾತು ವಿಜ್ಞಾನದ ಹೆಸರಿನಲ್ಲಿ ಬಂದಾಗ, ಅದು ಬೇರಿನ ಮೇಲಿನ ನಂಬಿಕೆಗೇ ಬಲ ಕೊಡುತ್ತದೆ. ಕಪ್ಪತಗುಡ್ಡ ಔಷಧೀಯ ಸಸ್ಯಗಳಿಗೆ ಹೆಸರಾದದ್ದು. 2019ರಲ್ಲಿ ವನ್ಯಜೀವಿ ಧಾಮವೂ ಆಯಿತು. ಅಲ್ಲಿಯ ಸಸ್ಯಗಳಿಗೂ ಅದೇ ಮೂರು ಪ್ರಶ್ನೆ ಕೇಳುವುದೇ ಅವುಗಳಿಗೆ ನಾವು ಸಲ್ಲಿಸಬಹುದಾದ ಗೌರವ. ಗುಡ್ಡ ಉಳಿದರೆ ತಾನೇ ಪ್ರಶ್ನೆ ಕೇಳುವುದು.

ಹಾವು ಕಡಿತ ಸಣ್ಣ ವಿಷಯವಲ್ಲ. 2000ದಿಂದ 2019ರವರೆಗೆ ಭಾರತದಲ್ಲಿ ಸುಮಾರು 12 ಲಕ್ಷ ಜನ, ವರ್ಷಕ್ಕೆ ಸರಾಸರಿ 58,000 ಜನ, ಹಾವು ಕಡಿದು ಸತ್ತರೆಂದು 2020ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದು ಅಂದಾಜಿಸಿದೆ. ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಇದನ್ನು ಕಡೆಗಣಿಸಲ್ಪಟ್ಟ ಉಷ್ಣವಲಯದ ರೋಗಗಳ ಸಾಲಿಗೆ ಸೇರಿಸಿತು. 2024ರಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿತು. ಇದು ಒಳ್ಳೆಯ ಹೆಜ್ಜೆ, ಏಕೆಂದರೆ ಎಣಿಸದಿದ್ದರೆ ಎಷ್ಟು ಸೀಸೆ ಎಲ್ಲಿಗೆ ಬೇಕೆಂಬುದೂ ತಿಳಿಯದು.

‘ಮಕ್ಕಳ ಚಾರ್ಟಿಗೆ ಇಷ್ಟೆಲ್ಲ ಬೇಕೇ?’ ಎಂದು ಸಹೋದ್ಯೋಗಿಗಳು ಕೇಳುತ್ತಾರೆ. ಎಕರೆಗೆ ಎಷ್ಟು ಸೇರು ಬೀಜ, ಪಂಪಿಗೆ ಎಷ್ಟು ಮುಚ್ಚಳ ಎಣ್ಣೆ ಎಂದು ತಿಳಿದ ಮನೆಯ ಮಕ್ಕಳಿಗೆ ಪ್ರಮಾಣದ ಮಾತು ಹೊಸದಲ್ಲ. ಅವರಿಗೆ ತೋರಿಸಬಹುದಾದ ಸುಂದರ ಪ್ರಯೋಗವೊಂದು ಆಸ್ಪತ್ರೆಯಲ್ಲೇ ಇದೆ. ಹಾವು ಕಡಿದವರ 2 ಮಿ.ಲೀ. ರಕ್ತವನ್ನು ಶುದ್ಧ, ಒಣ ಗಾಜಿನ ಪ್ರನಾಳದಲ್ಲಿ ಹಾಕಿ 20 ನಿಮಿಷ ಅಲುಗಾಡಿಸದೆ ಇಡುತ್ತಾರೆ. ಆಮೇಲೆ ಒಮ್ಮೆ ಓರೆ ಮಾಡುತ್ತಾರೆ. ರಕ್ತ ಹೆಪ್ಪಾಗಿರದೆ ಹರಿದರೆ ಮಂಡಲದ ವಿಷ ಏರಿದೆ ಎಂದರ್ಥ. ಪ್ರನಾಳ ಗಾಜಿನದೇ ಆಗಬೇಕು, ಏಕೆಂದರೆ ಹೆಪ್ಪುಗಟ್ಟುವ ಕ್ರಿಯೆಗೆ ಚಾಲನೆ ಕೊಡುವುದು ಗಾಜಿನ ಮೇಲ್ಮೈ. ಪ್ಲಾಸ್ಟಿಕ್ ಆದರೆ ಅಥವಾ ಸೋಪಿನಿಂದ ತೊಳೆದದ್ದಾದರೆ ಫಲಿತಾಂಶ ತಪ್ಪುತ್ತದೆ. ಒಂದು ನಳಿಕೆ, ಒಂದು ಗಡಿಯಾರ. ಇದಕ್ಕಿಂತ ಅಗ್ಗದ ಭೌತಶಾಸ್ತ್ರ ನನಗೆ ಗೊತ್ತಿಲ್ಲ. ಕಟ್ಟುಹಾವು, ನಾಗರಗಳ ವಿಷ ಮುಖ್ಯವಾಗಿ ನರಗಳ ಮೇಲೆ ಎರಗುವುದರಿಂದ, ರಕ್ತ ಹೆಪ್ಪಾಯಿತೆಂದ ಮಾತ್ರಕ್ಕೆ ನಿಶ್ಚಿಂತರಾಗುವಂತಿಲ್ಲ. ರೆಪ್ಪೆ ಜೋತುಬೀಳುವುದನ್ನು, ಉಸಿರನ್ನು ಗಮನಿಸುತ್ತಿರಬೇಕು.

ಅಂದು ಹೊರಡುವ ಮುನ್ನ ಆ ಹುಡುಗಿಗೆ ಒಂದು ಬಿಳಿ ಹಾಳೆ ಕೊಟ್ಟು, ಚಾರ್ಟಿಗೆ ಹದಿನಾರನೆಯ ಸಾಲು ಸೇರಿಸಲು ಹೇಳಿದೆ. ಅವಳು ಕೇಳುತ್ತ ಕೇಳುತ್ತ ಬರೆದಳು: ‘ಹಾವು ಮತ್ತು ಕುದುರೆ – ಪ್ರತಿವಿಷ. ಕಡಿದರೆ ಕೊಯ್ಯಬಾರದು, ಹೀರಬಾರದು, ಹಗ್ಗ ಬಿಗಿಯಬಾರದು. ಉಂಗುರ, ಕಾಲುಂಗುರ ತೆಗೆಯಬೇಕು. ಕೈಕಾಲು ಅಲುಗದಂತೆ ಕಟ್ಟಿಗೆ ಆಸರೆ ಕೊಡಬೇಕು. 108ಕ್ಕೆ ಫೋನ್ ಮಾಡಿ ಆಸ್ಪತ್ರೆಗೆ ಒಯ್ಯಬೇಕು.’ ಬರೆದು ಮುಗಿಸಿ ತಲೆ ಎತ್ತಿದಳು. ‘ಸರ, ನಮ್ಮೂರಿಗೆ ಹತ್ರದ ಯಾವ ದವಾಖಾನ್ಯಾಗ ಆ ಸೀಸೆ ಇರ್ತಾವ್ರೀ? ಎಷ್ಟು ಇರ್ತಾವ್ರೀ?’

ಅದೇ ಸರಿಯಾದ ಪ್ರಶ್ನೆ. ಪ್ರತಿ ಶಾಲೆಯ ವಿಜ್ಞಾನ ಸಂಘ ಮಳೆಗಾಲಕ್ಕೆ ಮುಂಚೆ ತನ್ನ ಹತ್ತಿರದ ಆಸ್ಪತ್ರೆಗೆ ಹೋಗಿ ಈ ಪ್ರಶ್ನೆ ಕೇಳಿ, ಉತ್ತರವನ್ನು ಚಾರ್ಟಿನ ಕೊನೆಯಲ್ಲಿ ಬರೆದಿಡಲಿ. ನಮ್ಮ ಪಟ್ಟಿಗಳಲ್ಲಿ ಆ ಒಂದು ಅಂಕಿಯಾದರೂ ಇರಲಿ.